ನನ್ನ ಪ್ರೋಗ್ರಾಮಿಗೆ ಅವಳ ಬೇಲಿ

ಪುಣೆಯಿಂದ ಬಂದಿದ್ದ ಕಂಪ್ಯೂಟರ್ ಭದ್ರತೆಯ ತಪಾಸಣೆಯವರು ನನ್ನ ಕುರ್ಚಿಯಲ್ಲೇ ಕೂತು, ನಾನು ಬರೆದ ಪುಟವನ್ನೇ ತೆರೆದು, ವಿಳಾಸದ ಚೌಕದಲ್ಲಿ ಅಥಣಿ ಕಚೇರಿಯ ನಂಬರು ಹೊಡೆದರು. ಅದರ ಬೆನ್ನಿಗೇ ಒಂದು ಅರ್ಧವಿರಾಮ ಚಿಹ್ನೆ ಇಟ್ಟು, ಇನ್ನೊಂದು ಸಣ್ಣ ಆಜ್ಞೆ ಸೇರಿಸಿ ಬಟನ್ ಒತ್ತಿದರು. ಅಥಣಿಯವರೆಗಿನ ದಾರಿ ಎಂದಿನಂತೆ ಸಾಲುಸಾಲಾಗಿ ಮೂಡಿತು. ಅದರ ಕೆಳಗೆ ನಮ್ಮ ಸರ್ವರ್‌ನಲ್ಲಿ ಖಾತೆ ಇದ್ದ ಎಲ್ಲರ ಹೆಸರು, ಹೆಸರಿನ ಮುಂದೆ ಅವರವರ ಪಾಸ್‌ವರ್ಡ್‌ನ ಗೂಢರೂಪ. ಹೊರಗಿನವರು ಯಾರೂ ನೋಡಬಾರದ ಫೈಲು ಅದು. ಕಂಪ್ಯೂಟರ್ ವಿಭಾಗದವರೆಲ್ಲ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು.

"ಹೆ ಕೋಣಿ ಲಿಹಿಲಂ?" ಎಂದು ಅವರು ಮರಾಠಿಯಲ್ಲಿ ಕೇಳಿದರು. ಬರೆದವರು ಯಾರು ಅಂತ.

"ನಾನ್ರಿ," ಅಂದೆ.

"ಟೂಲು ಚಲೋ ಐತಿ," ಎಂದರು, ಈಗ ಕನ್ನಡದಲ್ಲಿ, ಸಮಾಧಾನ ಮಾಡುವವರ ಹಾಗೆ. "ಆದ್ರ ಯಾರು ಏನ್ ಕೇಳಿದ್ರೂ ಇಲ್ಲ ಅನ್ನೂದಿಲ್ಲ ಇದು. ಕೈಯಾಗ ಸರ್ವರ್‌ನ ಪೂರಾ ಅಧಿಕಾರ ಬ್ಯಾರೆ ಐತಿ."

ಕೃಷ್ಣಾ ದಂಡೆಯ ಒಂದು ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ನಾನು ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಟಚ್ ಫೋನುಗಳು ನಮ್ಮ ಕಡೆ ಆಗಷ್ಟೇ ಕೆಲವರ ಕೈಗೆ ಬರುತ್ತಿದ್ದ ವರ್ಷಗಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆ ಕಾರ್ಖಾನೆಯ ವಿಭಾಗ ಕಚೇರಿಗಳಿದ್ದವು. ಜನ ಅವನ್ನು ಗಟ್ ಆಫೀಸ್ ಎನ್ನುತ್ತಾರೆ. ಯಾವ ಹೊಲದ ಕಬ್ಬನ್ನು ಯಾವ ದಿನ ಕಡಿಯಬೇಕು ಎಂಬ ಕಟಾವು ಚೀಟಿ ಅಲ್ಲಿಂದಲೇ ಹೊರಡುವುದು. ಚೀಟಿ ನಮ್ಮ ಸರ್ವರ್‌ನಿಂದ ಇಳಿಯಬೇಕು. ಲಿಂಕ್ ಸತ್ತರೆ ಚೀಟಿ ಇಲ್ಲ. ಚೀಟಿ ಇಲ್ಲದಿದ್ದರೆ ಕಬ್ಬು ಕಡಿಯುವ ಗ್ಯಾಂಗು ಬದುವಿನ ಮೇಲೆ ಕೂತಿರುತ್ತದೆ, ಮೊದಲೇ ಕಡಿದಿಟ್ಟ ಕಬ್ಬು ಬಿಸಿಲಿಗೆ ಒಣಗುತ್ತದೆ, ಟ್ರ್ಯಾಕ್ಟರಿನವರು ನಮ್ಮ ವಂಶವನ್ನೆಲ್ಲ ನೆನೆಯುತ್ತಾರೆ.

ಲಿಂಕ್ ಹೋಗುವುದು ಒಂದೇ ಜಾಗದಲ್ಲಿ ಅಲ್ಲ. ಒಮ್ಮೆ ಟವರ್ ಮೇಲಿನ ರೇಡಿಯೋ, ಒಮ್ಮೆ ಬಾಡಿಗೆ ಲೈನಿನವರ ತಪ್ಪು, ಒಮ್ಮೆ ಕಚೇರಿಯಲ್ಲೇ ಯಾರೋ ಪ್ಲಗ್ ಕಿತ್ತು ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ. ಅದಕ್ಕೆಂದೇ ನಾನು ಆ ಪುಟ ಮಾಡಿದ್ದೆ. ಗಟ್ ಆಫೀಸಿನ ಗುಮಾಸ್ತ ಊರಿನ ಹೆಸರು ಆರಿಸಿ ಬಟನ್ ಒತ್ತಿದರೆ ಸಾಕು. ನನ್ನ ಪ್ರೋಗ್ರಾಂ ಸರ್ವರ್‌ನಿಂದ ಆ ಊರಿನವರೆಗೆ ಒಂದೊಂದು ಮೆಟ್ಟಿಲನ್ನೂ ತಟ್ಟಿ ನೋಡಿ, ಹೋಗಿಬರುವ ಸಂದೇಶಗಳನ್ನು ಸ್ವಲ್ಪ ಹೊತ್ತು ಹಿಡಿದು ನೋಡಿ, ಎಲ್ಲಿ ಮುರಿದಿದೆ ಎಂದು ಹೇಳುತ್ತಿತ್ತು. ಇಂಗ್ಲಿಷಿನ ಒಣ ಸಾಲುಗಳು ಅವರಿಗೆ ಬೇಡ ಎಂದು ನಮ್ಮ ಮಾತಿನಲ್ಲೇ ಬರೆದಿದ್ದೆ: 'ಕಾಗವಾಡ ಟವರ್ ತನಕ ಹೋಗೇತಿ, ಮುಂದ ಹೋಗವಲ್ದು.' ಇಷ್ಟು ಕೆಲಸಕ್ಕೆ ಅದು ಸರ್ವರ್‌ನ ಒಡೆಯನ ಅಧಿಕಾರದಲ್ಲಿ ಓಡಬೇಕಿತ್ತು, ಯಾಕೆಂದರೆ ತಂತಿಯ ಮೇಲಿನ ಹಸಿ ಸಂದೇಶಗಳನ್ನು ಮುಟ್ಟುವ ಹಕ್ಕು ಸಾಮಾನ್ಯ ಪ್ರೋಗ್ರಾಮಿಗಿಲ್ಲ. ಆ ಪುಟದ ಬಗ್ಗೆ ನನಗಿದ್ದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಕಾರ್ಖಾನೆಯಲ್ಲಿ ನನ್ನದು ಅಂತ ಬೆರಳಿಟ್ಟು ತೋರಿಸಲು ಇದ್ದದ್ದು ಅದೊಂದೇ.

ತಪಾಸಣೆಯವರು ಹೋದ ಮೇಲೆ ನಮ್ಮ ವಿಭಾಗದ ಮುಖ್ಯಸ್ಥರು, ನಾವು ಸಾಹೇಬ್ರು ಎನ್ನುತ್ತಿದ್ದೆವು, ಇಬ್ಬರನ್ನು ಒಳಗೆ ಕರೆದರು. ಒಬ್ಬಳು ನಾನು. ಇನ್ನೊಬ್ಬಳು ನಿಪ್ಪಾಣಿಯವಳು.

ಅವಳ ಬಗ್ಗೆ ಹೇಳಬೇಕು. ಹೆಚ್ಚೂಕಡಿಮೆ ನನ್ನದೇ ವಯಸ್ಸು. ತಂಬಾಕಿನ ವ್ಯಾಪಾರದ ಮನೆತನ, ಓದಿದ್ದು ಕೊಲ್ಹಾಪುರದಲ್ಲಿ. ನಾನು ಕಾಯಂ ನೌಕರಿಯವಳು, ಅವಳು ವರ್ಷದ ಕರಾರಿನ ಮೇಲೆ ಸರ್ವರ್ ನೋಡಿಕೊಳ್ಳಲು ಬಂದವಳು. ಬಂದ ಹೊಸದರಲ್ಲೇ ಎಲ್ಲರಿಗೂ ಬೇಕಾದವಳಾದಳು. ಸ್ಟಾಫ್ ಬಸ್ಸಿನ ಡ್ರೈವರ್ ಅವಳಿಗಾಗಿ ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಹಾರ್ನ್ ಹೊಡೆದು ಕಾಯುತ್ತಿದ್ದ. ನಾನು ಒಮ್ಮೆ ತಡಮಾಡಿದಾಗ ಬಸ್ಸು ನಮ್ಮ ಊರು ರಾಯಬಾಗದಿಂದ ಹೊರಟೇ ಹೋಗಿತ್ತು. ಮಧ್ಯಾಹ್ನ ಅವಳ ಡಬ್ಬಿ ತೆರೆದರೆ ಟೇಬಲ್ಲಿನ ಸುತ್ತ ಜನ. ಅವಳು ನಕ್ಕರೆ ಪಕ್ಕದ ಅಕೌಂಟ್ಸ್ ವಿಭಾಗದಲ್ಲೂ ನಗು. ಇವೆಲ್ಲ ಸಣ್ಣ ಸಂಗತಿಗಳು ಎಂದು ನನಗೂ ಗೊತ್ತಿತ್ತು. ಆದರೂ ಸಾಸಿವೆ ಸಿಡಿದ ಹಾಗೆ ಒಂದೊಂದೇ ಕೈಗೆ ತಾಗುತ್ತಿದ್ದವು.

ಸಾಹೇಬ್ರು ನನ್ನ ಕಡೆ ನೋಡಿ, "ನೀವು ಆ ವಿಳಾಸದ ಚೌಕ ಸರಿ ಮಾಡ್ರಿ. ಊರಿನ ನಂಬರ್ ಬಿಟ್ಟು ಬ್ಯಾರೆ ಏನೂ ಬರೀಬಾರ್ದು," ಎಂದರು. ಆಮೇಲೆ ಅವಳ ಕಡೆ ತಿರುಗಿದರು. "ತಪಾಸಣೆಯವ್ರು ಬೇಲಿ ಹಾಕ್ರಿ ಅಂದಾರ. ಕರ್ನಲ್ಲಿನ ಮಟ್ಟದಾಗ, ಸಿಸ್ಟಮ್ಮಿನ ತಳದಾಗನ. ಅದ ನಿಮ್ಮ ಕಡೆ."

ಹೊರಗೆ ಬರುವಾಗ ನನ್ನ ಕಿವಿ ಬೆಚ್ಚಗಾಗಿತ್ತು. ನಾನು ಕಟ್ಟಿದ ಮನೆಗೆ ನನ್ನ ಪಾಲು ಒಂದು ಚಿಲಕ. ಬೇಲಿ, ಬಾಗಿಲು, ಕಾವಲು ಎಲ್ಲ ಅವಳದು.

ಆ ಬೇಲಿ ಏನೆಂದು ಹೇಳುತ್ತೇನೆ. ಲಿನಕ್ಸ್ ಸರ್ವರ್‌ನಲ್ಲಿ ಮಾಮೂಲಿ ಅನುಮತಿ ಎಂದರೆ ಫೈಲಿನ ಒಡೆಯ ಹೇಳಿದಂತೆ. ಯಾರು ಓದಬಹುದು, ಯಾರು ಬರೆಯಬಹುದು ಎಂದು ಅವನೇ ತೀರ್ಮಾನಿಸುತ್ತಾನೆ. ಸರ್ವರ್‌ನ ಒಡೆಯನಿಗಂತೂ ಯಾವ ತಡೆಯೂ ಇಲ್ಲ. ಎಸ್‌ಇಲಿನಕ್ಸ್ ಎಂಬ ವ್ಯವಸ್ಥೆ ಇದರ ಮೇಲೆ ಇನ್ನೊಂದು ಕಟ್ಟು ಹಾಕುತ್ತದೆ. ಪ್ರತಿ ಪ್ರೋಗ್ರಾಮಿಗೂ ಪ್ರತಿ ಫೈಲಿಗೂ ಒಂದು ಲೇಬಲ್. ಈ ಲೇಬಲ್ಲಿನ ಪ್ರೋಗ್ರಾಂ ಆ ಲೇಬಲ್ಲಿನ ಫೈಲಿಗೆ ಇಂತಿಂಥದ್ದು ಮಾಡಬಹುದು ಎಂದು ಮೊದಲೇ ಬರೆದ ನಿಯಮಗಳು, ಅಂದರೆ ಪಾಲಿಸಿ. ಬರೆದಿಲ್ಲದ್ದೆಲ್ಲ ನಿಷಿದ್ಧ. ಒಡೆಯನ ಹೆಸರಲ್ಲಿ ಓಡಿದರೂ ಅಷ್ಟೇ. ನಮ್ಮ ಸರ್ವರ್‌ನಲ್ಲಿ ಅದನ್ನು ಮೊದಲ ದಿನವೇ ಯಾರೋ ಬಂದ್ ಮಾಡಿಟ್ಟಿದ್ದರು. ಆ ಕಾಲದಲ್ಲಿ ಬಹಳ ಕಡೆ ಹಾಗೇ ಮಾಡುತ್ತಿದ್ದರು, ಕಿರಿಕಿರಿ ಬೇಡ ಅಂತ.

ಹಂಗಾಮು ಮುಗಿದು ಗಾಣ ನಿಂತಿದ್ದ ದಿನಗಳಾದ್ದರಿಂದ ಅವಳಿಗೆ ಸಮಯವಿತ್ತು. ಮೊದಲು ಸರ್ವರ್ ನಿಲ್ಲಿಸಿ, ಇದ್ದಬದ್ದ ಎಲ್ಲ ಫೈಲುಗಳಿಗೂ ಹೊಸದಾಗಿ ಲೇಬಲ್ ಹಚ್ಚಿಸಿದಳು. ನನ್ನ ಪ್ರೋಗ್ರಾಮಿಗೆ ಒಂದು ಲೇಬಲ್, ಅದರ ಸೆಟ್ಟಿಂಗ್ ಫೈಲುಗಳಿಗೆ ಇನ್ನೊಂದು. ವೆಬ್ ಪುಟದಿಂದ ಅದು ಚಾಲೂ ಆದ ಕೂಡಲೇ ತನ್ನ ಬೇಲಿಯೊಳಕ್ಕೆ ಬರುವಂತೆ ಒಂದು ನಿಯಮ. ಆಮೇಲೆ ಸಡಿಲ ಸ್ಥಿತಿಯಲ್ಲಿ ಓಡಿಸಿದಳು. ಸಡಿಲ ಸ್ಥಿತಿಯಲ್ಲಿ ಏನನ್ನೂ ತಡೆಯುವುದಿಲ್ಲ, ತಡೆಯಬೇಕಿತ್ತು ಎಂದು ಲಾಗ್‌ನಲ್ಲಿ ಬರೆದಿಡುತ್ತದೆ ಅಷ್ಟೇ.

ಆ ಲಾಗನ್ನು ಅವಳು ಗಟ್ಟಿಯಾಗಿ ಓದುವಳು. ಅದು ಅವಳ ಅಭ್ಯಾಸ. "ಅಗಬಾಯಿ, ಇದು ಡೈರೆಕ್ಟ್ ಹಸಿ ಸಂದೇಶದ ಸಾಕೆಟ್ ತಗೀತದ. ಅದ ಬೇಕ ಬೇಕು, ಬರ್ಕೊಂಡೆ. ಇದೇನ್ರಿ, ಪ್ರಿಂಟರಿನ ಡೈರೆಕ್ಟರಿ ಯಾಕ ಹುಡುಕ್ತದ ಇದು?" ಕೋಣೆಯಲ್ಲಿದ್ದವರೆಲ್ಲ ನಗುವರು. ನಾನು ನನ್ನ ಸ್ಕ್ರೀನಿನಲ್ಲಿ ಮುಖ ಹುದುಗಿಸಿಕೊಂಡು ಕೂಡುವೆ. ನನ್ನ ಮನೆಗೆ ಬಂದ ಬೀಗಿತ್ತಿ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ನೋಡುತ್ತ, ಒಳಗೇನಿದೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರೆ ಹೇಗಿರುತ್ತದೋ ಹಾಗಿತ್ತು.

ಲಾಗ್ ಓದಿ ತಾನಾಗಿ ಅನುಮತಿ ನಿಯಮ ಬರೆದುಕೊಡುವ ಒಂದು ಸಾಧನವಿದೆ. ಬೇಸತ್ತವರು ಅದು ಕೊಟ್ಟದ್ದನ್ನೆಲ್ಲ ಕಣ್ಣು ಮುಚ್ಚಿ ಹಾಕಿಬಿಡುತ್ತಾರೆ. ಅವಳೂ ಮೊದಲು ಹಾಗೇ ಮಾಡಿಯಾಳು ಎಂದು ಕಾದೆ. ಮಾಡಲಿ ಎಂದು ಬಯಸಿದೆ ಎಂದರೂ ಸರಿ. ಎಲ್ಲ ಗೇಟೂ ತೆರೆದಿಟ್ಟ ಬೇಲಿಯನ್ನು ತಪಾಸಣೆಯವರ ಮುಂದೆ ನಾನೇ ಬೆರಳು ಮಾಡಿ ತೋರಿಸಬಹುದಿತ್ತು. ಅವಳು ಅಂಥದ್ದೇನೂ ಮಾಡಲಿಲ್ಲ. ಒಂದೊಂದು ಸಾಲಿಗೂ ನನ್ನ ಟೇಬಲ್ಲಿಗೆ ಬಂದು, "ಇದು ಯಾತಕ್ಕ ಬೇಕ್ರಿ ನಿಮ್ಮ ಪ್ರೋಗ್ರಾಮಿಗೆ?" ಎಂದು ಕೇಳುವಳು.

ಒಂದು ಸಾಲಿನ ಮೇಲೆ ಜಗಳವೇ ಆಯಿತು. ನನ್ನ ಪ್ರೋಗ್ರಾಂ ಫಲಿತಾಂಶ ಬರೆದಿಡುತ್ತಿದ್ದ ಫೈಲು ವೆಬ್‌ ಸರ್ವರ್‌ನ ಒಡೆತನದಲ್ಲಿತ್ತು. ಅದರಲ್ಲಿ ಬರೆಯಲು ಪ್ರೋಗ್ರಾಂ ಒಡೆಯನ ವಿಶೇಷ ಹಕ್ಕು ಬಳಸುತ್ತಿತ್ತು. ಯಾರ ಫೈಲಿದ್ದರೂ ಮಾಮೂಲಿ ಅನುಮತಿ ಲೆಕ್ಕಿಸದೆ ಮುಟ್ಟುವ ಹಕ್ಕು ಅದು.

"ಅದೊಂದ್ ಕೊಟ್ಟಬಿಡ್ರಿ," ಅಂದೆ. "ವರ್ಷಗಟ್ಟಲೆ ಹಂಗ ನಡದೈತಿ."

"ಅದನ್ನ ಕೊಟ್ರ ಮತ್ತ ಬೇಲಿ ಯಾಕ್ರಿ?"

"ಕೊಡ್ಲಿಲ್ಲಂದ್ರ ಫಲಿತಾಂಶ ಎಲ್ಲಿ ಬರೀಬೇಕದು?"

"ಫೈಲಿನ ಗ್ರೂಪ್ ಬದಲಿ ಮಾಡಿ ನಿಮ್ಮ ಪ್ರೋಗ್ರಾಮಿನ ಗ್ರೂಪಿಗೆ ಬರಿಯಾಕ ಕೊಡ್ರಿ. ಹಕ್ಕು ಬೇಕ ಆಗೂದಿಲ್ಲ." ಅಷ್ಟು ಹೇಳಿ ತನ್ನ ಕುರ್ಚಿಗೆ ಹೋದಳು. ಹೋಗುವಾಗ ನನ್ನ ಟೇಬಲ್ಲಿನಿಂದ ಒಂದು ಪೇರಲದ ಹೋಳು ಎತ್ತಿಕೊಂಡಳು.

ಗ್ರೂಪ್ ಬದಲಿಸಿದೆ. ಹಕ್ಕು ಬೇಕಾಗಲಿಲ್ಲ. ಅವಳು ಹೇಳಿದ್ದು ಸರಿಯಾಗಿತ್ತು ಎಂಬುದಕ್ಕಿಂತ ಅಷ್ಟು ಸಲೀಸಾಗಿ ಹೇಳಿದಳಲ್ಲ ಎಂಬುದೇ ನನ್ನನ್ನು ಸುಟ್ಟಿತು. ಅಂದು ಮನೆಗೆ ಹೋದಾಗ ಅತ್ತೆಯವರು ಹೊತ್ತು ಮುಳುಗುವ ಮೊದಲಿನ ಊಟಕ್ಕೆ ತಾಟು ಹಾಕಿ ಕಾಯುತ್ತಿದ್ದರು. ನಾವು ಜೈನರು, ಕತ್ತಲಾದ ಮೇಲೆ ಉಣ್ಣುವುದಿಲ್ಲ. "ಯಾಕವಾ, ಮಾರಿ ಹಿಂಗ್ಯಾಕ?" ಎಂದು ಕೇಳಿದರು. "ಏನಿಲ್ರಿ," ಅಂದೆ. ರೊಟ್ಟಿ ಅರ್ಧಕ್ಕೇ ಬಿಟ್ಟೆ.

ಆಮೇಲಿಂದ ನಾನೂ ಓದತೊಡಗಿದೆ. ಕಲಿಕೆಯ ಆಸೆಯಿಂದ ಎಂದರೆ ಸುಳ್ಳಾಗುತ್ತದೆ. ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ ಎಂಬುದನ್ನು ಸಹಿಸಲಾಗಲಿಲ್ಲ. ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಭಾನುವಾರ ಮಧ್ಯಾಹ್ನ, ಪಾಲಿಸಿ ಬರೆಯುವ ಕೈಪಿಡಿಯ ಪುಟಗಳನ್ನು ಪ್ರಿಂಟ್ ತೆಗೆದು ಒಯ್ದು ಓದಿದೆ. ಅವಳು ಬರೆದ ಪಾಲಿಸಿಯನ್ನು ಅವಳಿಲ್ಲದಾಗ ತೆರೆದು ಸಾಲುಸಾಲು ನೋಡಿದೆ. ತಪ್ಪು ಹುಡುಕಲೆಂದೇ ನೋಡಿದ್ದು. ಚೊಕ್ಕವಾಗಿತ್ತು. ಹಸಿ ಸಂದೇಶ ಕಳಿಸಬಹುದು, ಹಿಡಿಯಬಹುದು, ಹೆಸರಿನಿಂದ ವಿಳಾಸ ಕೇಳಬಹುದು, ತನ್ನ ಸೆಟ್ಟಿಂಗ್ ಓದಬಹುದು, ಫಲಿತಾಂಶ ಬರೆಯಬಹುದು. ಮುಗಿಯಿತು. ನನ್ನ ಪ್ರೋಗ್ರಾಂ ಏನು ಎಂಬುದನ್ನು ನಾನೇ ಇಷ್ಟು ಚಿಕ್ಕದಾಗಿ ಎಂದೂ ಹೇಳಿರಲಿಲ್ಲ.

ದೀಪಾವಳಿ ಕಳೆದು ಗಾಣ ಚಾಲೂ ಆಗುವ ಮೊದಲು ಬೇಲಿಯನ್ನು ಬಿಗಿ ಮಾಡಿದರು. ಈಗ ಬರೆದಿಲ್ಲದ್ದನ್ನು ನಿಜವಾಗಿಯೂ ತಡೆಯುತ್ತದೆ. ಮೊದಲ ವಾರಗಳು ಸುಸೂತ್ರ. ಸಾಹೇಬ್ರು ಕ್ಯಾಂಟೀನಿನಲ್ಲಿ ಎಲ್ಲರೆದುರು, "ಭಾರಿ ಕೆಲಸ ಮಾಡ್ಯಾಳ," ಎಂದರು. ನಾನು ಚಹಾ ಊದಿ ಊದಿ ಕುಡಿದೆ.

ಹಂಗಾಮು ಏರಿದಾಗ ಅಥಣಿಯ ಲಿಂಕ್ ಹಳೆಯ ದಾರಿ ಬಿಟ್ಟು ಹೊಸ ರೇಡಿಯೋ ದಾರಿ ಹಿಡಿಯಿತು. ಅಥಣಿಗೆ ಹೊಸ ಸೆಟ್ಟಿಂಗ್ ಫೈಲು ಬೇಕಾಯಿತು. ನಾನು ನನ್ನ ಡೈರೆಕ್ಟರಿಯಲ್ಲಿ ಅದನ್ನು ಸಿದ್ಧ ಮಾಡಿ, ಪರೀಕ್ಷಿಸಿ, ಪ್ರೋಗ್ರಾಮಿನ ಸೆಟ್ಟಿಂಗ್ ಜಾಗಕ್ಕೆ ಸರಿಸಿದೆ. ಹಳೆಯದನ್ನು ಅಳಿಸಿದೆ. ಅದಾಗಿ ಕೆಲವೇ ದಿನಕ್ಕೆ ಬೆಳಿಗ್ಗೆ ಅಥಣಿ ಗಟ್ ಆಫೀಸಿನ ಹಿರಿಯ ಗುಮಾಸ್ತರಿಂದ ಫೋನು.

"ಮೇಡಮ್ಮಾರ, ಲಿಂಕ್ ಹೋಗೇತ್ರಿ. ನಿಮ್ಮ ಪೇಜ್ ತಗದ್ರ ಖಾಲಿ ಬರಾಕತ್ತೈತಿ. ಎಲ್ಲಿ ಹೋಗೇತಂತ ಹೇಳವಲ್ದು."

"ಬ್ಯಾರೆ ಊರ ಹಾಕಿ ನೋಡ್ರಿ." ಅವರ ಕಚೇರಿಯಲ್ಲಿ ಮೊಬೈಲ್ ಲೈನಿನ ಇನ್ನೊಂದು ಸಣ್ಣ ದಾರಿ ಇತ್ತು, ಪುಟ ತೆರೆಯಲು ಅಷ್ಟು ಸಾಕು.

"ಬ್ಯಾರೆ ಊರು ಬರತಾವ್ರಿ. ನಮ್ಮ ಅಥಣಿ ಒಂದ ಬರವಲ್ದು. ಇಲ್ಲಿ ಚೀಟಿಗೆ ಜನ ನಿಂತಾರ್ರಿ, ನಾ ಏನ್ ಹೇಳ್ಲಿ?"

ನಾನು ಇಲ್ಲಿಂದ ಪ್ರಯತ್ನಿಸಿದೆ. ಅದೇ ಖಾಲಿ ಪುಟ. ನಿಪ್ಪಾಣಿಯವಳು ತಡೆಗಳ ಲಾಗ್ ತೆರೆದಳು. ಅಥಣಿಗೆ ಸಂಬಂಧಿಸಿದ ಒಂದು ಸಾಲೂ ಇರಲಿಲ್ಲ.

"ಬೇಲಿ ತಡದಿಲ್ರಿ," ಅಂದಳು. "ತಡದಿದ್ರ ಇಲ್ಲಿ ಬರೀತಿತ್ತು. ನಿಮ್ಮ ಹೊಸ ಸೆಟ್ಟಿಂಗ್ ನೋಡ್ರಿ ಒಮ್ಮೆ."

"ಸೆಟ್ಟಿಂಗ್ ನಾ ಟೆಸ್ಟ್ ಮಾಡೇನಿ. ಬೇಲಿ ಹೊರಗ ಚಲೋ ನಡೀತದ."

"ಮತ್ತ ಲಾಗ್‌ನಾಗ ಯಾಕಿಲ್ಲ?"

ಪುಟ ಸುಮ್ಮನಿದ್ದದ್ದರಿಂದ ಊಹೆಯ ಮೇಲೆ, ಟವರ್ ರಿಪೇರಿ ಮಾಡುವವನನ್ನು ನಡುದಾರಿಯ ಉಗಾರ ಟವರಿಗೆ ಕಳಿಸಿದರು. ಅಲ್ಲಿ ಎಲ್ಲ ಸರಿ ಇತ್ತು. ಅವನು ಇನ್ನೊಂದು ಟವರಿಗೆ ಹೋಗುವಷ್ಟರಲ್ಲಿ ಅಥಣಿಯಿಂದ ಅಧ್ಯಕ್ಷರಿಗೇ ಫೋನು ಹೋಗಿತ್ತು, ಅಧ್ಯಕ್ಷರಿಂದ ಸಾಹೇಬ್ರಿಗೆ. ಅವರು ಕೋಣೆಗೆ ಬಂದಾಗ ಮುಖ ಕೆಂಪಾಗಿತ್ತು.

"ಬೇಲಿ ಹಾಕೂಕಿಂತ ಮೊದ್ಲ ಹಿಂಗ ಆಗಿತ್ತೇನು?" ಎಂದು ನನ್ನನ್ನು ಕೇಳಿದರು.

"ಇಲ್ರಿ."

"ಮತ್ತ ತಗೀರಿ ಅದನ್ನ. ಪೂರಾ ಬಂದ್ ಮಾಡ್ರಿ. ತಪಾಸಣೆಯವ್ರಿಗೆ ಮುಂದ ನೋಡೋಣು. ಗಾಣ ನಿಂತ್ರ ನನ್ನ ಕೇಳ್ತಾರ, ಅವ್ರನ್ನ ಕೇಳೂದಿಲ್ಲ."

ನಿಪ್ಪಾಣಿಯವಳ ಸದಾ ನಗುವ ಮುಖ ಗೋಡೆಯ ಬಣ್ಣಕ್ಕೆ ಬಂದಿತ್ತು. ಎದ್ದು ಸರ್ವರ್‌ನ ಮುಂದೆ ಕೂತಳು. ಒಂದೇ ಆಜ್ಞೆ ಸಾಕು, ಅಷ್ಟೂ ತಿಂಗಳ ಕೆಲಸ ಕಳಚಿ ಬೀಳುತ್ತದೆ. ಬರುವ ಬೇಸಿಗೆಗೆ ಅವಳ ಕರಾರು ಮುಗಿಯುವುದಿತ್ತು. ಈ ಬೇಲಿ ಬಿದ್ದರೆ ಅದು ಮುಂದುವರಿಯುವುದಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆ ಗಳಿಗೆಯಲ್ಲಿ ನನಗೆ ಒಳಗೊಳಗೇ ತಂಪಾಯಿತು. ಅದನ್ನು ಬಚ್ಚಿಟ್ಟು ಈ ಕಥೆ ಹೇಳಿದರೆ ಅರ್ಥವಿಲ್ಲ. ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಕೈಪಿಡಿಯಲ್ಲಿ ಓದಿದ ಒಂದು ಪುಟ ನೆನಪಾಗಿತ್ತು. ನೆನಪಾದದ್ದನ್ನು ಅವಳ ಮುಂದೆ ಹೇಳಿ ತೋರಿಸುವ ಆಸೆ, ಅವಳು ಸೋಲುವುದನ್ನು ನೋಡುವ ಆಸೆಗಿಂತ ದೊಡ್ಡದಾಗಿಬಿಟ್ಟಿತು.

"ಪೂರಾ ಬ್ಯಾಡ್ರಿ, ಸಾಹೇಬ್ರ," ಅಂದೆ. "ಸರ್ವರ್‌ಗೆಲ್ಲಾ ಬೇಲಿ ಹಂಗ ಇರ್ಲಿ. ನನ್ನ ಪ್ರೋಗ್ರಾಮಿನ ಲೇಬಲ್ ಒಂದನ್ನ ಸಡ್ಲ ಬಿಡಬಹುದು. ಬ್ಯಾರೆ ಯಾವ್ದಕ್ಕೂ ಧಕ್ಕಿ ಆಗೂದಿಲ್ಲ."

ಸಾಹೇಬ್ರು ಅವಳ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿದಳು. "ಬರ್ತದ್ರಿ ಹಂಗ," ಎಂದಳು ಮೆಲ್ಲಗೆ. "ಇವ್ರು ಅಂದದ್ದು ಖರೆ ಐತಿ."

"ಮಾಡ್ರಿ ಮತ್ತ ಲಗೂ."

ಅವಳೇ ಆಜ್ಞೆ ಹೊಡೆದಳು. ನಾನು ಪುಟದಲ್ಲಿ ಅಥಣಿ ಆರಿಸಿದೆ. ಖಾಲಿ ಇದ್ದಲ್ಲಿ ಸಾಲುಗಳು ಮೂಡತೊಡಗಿದವು. ಕೊನೆಯಲ್ಲಿ ನನ್ನದೇ ಮಾತು: 'ಕಾಗವಾಡ ಟವರ್ ದಾಟೇತಿ, ಅಥಣಿ ಟವರ್ ಮಾತಾಡವಲ್ದು.' ಟವರಿನವನಿಗೆ ಫೋನ್ ಮಾಡಿದೆವು. ಅಥಣಿ ಟವರಿನ ರೇಡಿಯೋಕ್ಕೆ ಕರೆಂಟ್ ಕೊಡುವ ಡಬ್ಬಿ ಸುಟ್ಟಿತ್ತು. ಬದಲಿಸಿದ ಕೂಡಲೇ ಚೀಟಿ ಇಳಿಯತೊಡಗಿತು. ಗುಮಾಸ್ತರು ಮತ್ತೆ ಫೋನ್ ಮಾಡಿ, "ಜೀವ ಉಳೀತ್ರಿ, ಮೇಡಮ್ಮಾರ," ಎಂದರು.

ಸಾಹೇಬ್ರು ಹೋದರು. ಕೋಣೆ ಹಗುರಾಯಿತು. ನಮ್ಮಿಬ್ಬರಿಗೆ ಮಾತ್ರ ಹಗುರಾಗಲಿಲ್ಲ. ಬೇಲಿ ಸಡಿಲ ಮಾಡಿದಾಗ ಕೆಲಸವಾಯಿತು ಎಂದರೆ ತಡೆದದ್ದು ಬೇಲಿಯೇ. ತಡೆದು ಸುಮ್ಮನಿತ್ತು, ಒಂದು ಸಾಲೂ ಬರೆಯದೆ. ಅದು ಹೇಗೆ?

ಊಟಕ್ಕೆ ಯಾರೂ ಏಳಲಿಲ್ಲ. ಅವಳು ತನ್ನ ಪಾಲಿಸಿ ತಿರುವಿ ಹಾಕುತ್ತಿದ್ದಳು. ನಾನು ನನ್ನ ಪ್ರಿಂಟ್‌ಗಳನ್ನು. ಕೈಪಿಡಿಯಲ್ಲಿ ಒಂದು ಬಗೆಯ ನಿಯಮದ ಬಗ್ಗೆ ಓದಿದ್ದೆ: ತಡೆ, ಆದರೆ ಬರೆಯಬೇಡ. ಪ್ರೋಗ್ರಾಮುಗಳು ಸುಮ್ಮಸುಮ್ಮನೆ ಅಲ್ಲಿ ಇಲ್ಲಿ ಇಣುಕುತ್ತವೆ, ಅದನ್ನೆಲ್ಲ ಬರೆದರೆ ಲಾಗ್ ತುಂಬಿ ಬೇಕಾದದ್ದು ಸಿಗುವುದಿಲ್ಲ. ಅದಕ್ಕೆ ಅಂಥವನ್ನು ಬಾಯಿ ಮುಚ್ಚಿಸುವ ನಿಯಮ ಅದು. ನಾನು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಅಷ್ಟು ದಿನಗಳಲ್ಲಿ ನಾನಾಗಿ ಅವಳ ಹತ್ತಿರ ಹೋದದ್ದು ಅದೇ ಮೊದಲು.

"ಸುಮ್ಮನಿರೂ ನಿಯಮ ಹಾಕೀರೇನ್ರಿ ಎಲ್ಲ್ಯಾರ?"

"ಒಂದೆರಡು ಹಾಕೇನಿ. ನಿಮ್ಮ ಪ್ರೋಗ್ರಾಂ ಚಾಲೂ ಆಗೂಮುಂದ ಪ್ರತಿ ಸಲ ಜನರ ಖಾಸಗಿ ಜಾಗ, ಹೋಂ ಡೈರೆಕ್ಟರಿ, ಇಣುಕ್ತಿತ್ತು. ಲಾಗ್ ತುಂಬಾಕತ್ತಿತ್ತು." ಹೇಳುತ್ತ ಹೇಳುತ್ತ ಅವಳ ದನಿ ನಿಧಾನವಾಯಿತು.

"ಎಲ್ಲಾ ಸುಮ್ಮನಿರೂ ನಿಯಮ ಒಮ್ಮೆ ತಗದಿಡೋ ಆಜ್ಞೆ ಐತಿ. ತಗದು, ಬೇಲಿ ಬಿಗಿ ಮಾಡಿ, ಅಥಣಿ ಓಡ್ಸೋಣು."

ಓಡಿಸಿದೆವು. ಲಾಗ್ ಮಳೆಗಾಲದ ಹಳ್ಳದ ಹಾಗೆ ಉಕ್ಕಿ ಹರಿಯಿತು. ಅದರಲ್ಲಿ ಅಥಣಿ ಎಂಬ ಪದ ಹುಡುಕಿದೆವು. ಸಿಕ್ಕಿತು. ನನ್ನ ಪ್ರೋಗ್ರಾಂ ಅಥಣಿಯ ಸೆಟ್ಟಿಂಗ್ ಫೈಲನ್ನು ಓದಲು ಹೋಗಿದೆ, ಬೇಲಿ ತಡೆದಿದೆ. ಕಾರಣ, ಆ ಫೈಲಿನ ಮೇಲಿದ್ದ ಲೇಬಲ್ ಹೋಂ ಡೈರೆಕ್ಟರಿಯದು.

"ಆದ್ರ ಫೈಲ್ ಅಲ್ಲಿಲ್ಲಲ್ಲ. ಸರಿಯಾದ ಜಾಗದಾಗ ಐತಿ," ಎಂದಳು.

ಲೇಬಲ್ ತೋರಿಸುವಂತೆ ಸೆಟ್ಟಿಂಗ್ ಜಾಗದ ಫೈಲುಗಳನ್ನೆಲ್ಲ ಪಟ್ಟಿ ಮಾಡಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಎಲ್ಲದಕ್ಕೂ ಅವಳು ಕೊಟ್ಟ ಲೇಬಲ್. ಅಥಣಿಗೆ ಬೇರೆ. ಒಡೆತನ ಅದೇ, ಅನುಮತಿ ಅದೇ, ಜಾಗ ಅದೇ. ಆಗ ಹೊಳೆಯಿತು. ಫೈಲನ್ನು ನಕಲು ಮಾಡಿದರೆ ಹೊಸ ಜಾಗದ ಲೇಬಲ್ ಬರುತ್ತದೆ. ಸರಿಸಿದರೆ ಹಳೆಯ ಲೇಬಲ್ಲನ್ನೇ ಹೊತ್ತುಕೊಂಡು ಬರುತ್ತದೆ. ನಾನು ಸರಿಸಿದ್ದೆ. ಅದು ನನ್ನ ಹೋಂ ಡೈರೆಕ್ಟರಿಯ ಲೇಬಲ್ಲಿನೊಂದಿಗೆ ಬಂದು ಕೂತಿತ್ತು. ಹೋಂ ಡೈರೆಕ್ಟರಿಯ ಲೇಬಲ್ ಮುಟ್ಟಿದರೆ ತಡೆ, ಬರೆಯಬೇಡ ಎಂದು ಅವಳ ನಿಯಮ ಹೇಳಿತ್ತು. ಎರಡೂ ಕೂಡಿ ಅಥಣಿಯನ್ನು ಮೂಕ ಮಾಡಿದ್ದವು.

"ಮೂವ್ ಮಾಡಿದ್ರೇನು?" ಎಂದು ಕೇಳಿದಳು.

"ಹೌದು."

"ಅಯ್ಯ! ತವರಮನಿ ಅಡ್ಡಹೆಸರ ಇಟಗೊಂಡು ಬಂದದ ಇದು," ಎಂದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಲೇಬಲ್ ಸರಿಪಡಿಸುವ ಆಜ್ಞೆ ಹೊಡೆದೆ. ಬಿಗಿ ಬೇಲಿಯೊಳಗೇ ಅಥಣಿಯ ದಾರಿ ಪೂರ್ತಿ ಮೂಡಿತು.

"ನೀ ಹಿಡದಿ ಬಘ," ಎಂದಳು. ಬಘ ಅಂದರೆ ನೋಡು. ಅವಳು ನನಗೆ ನೀ ಅಂದದ್ದು ಅದೇ ಮೊದಲು.

ಎದೆ ಉಬ್ಬಿತು. ಆ ಉಬ್ಬು ಬಹಳ ಹೊತ್ತು ನಿಲ್ಲಲಿಲ್ಲ. ಅವಳು ಆಗಲೇ ಪಾಲಿಸಿ ತೆರೆದಿದ್ದಳು. ಸುಮ್ಮನಿರುವ ನಿಯಮವನ್ನು ಅಳಿಸಿ, ಹೋಂ ಡೈರೆಕ್ಟರಿಯ ಬಾಗಿಲಲ್ಲಿ ಇಣುಕಿದರೆ ಮಾತ್ರ ಸುಮ್ಮನಿರು, ಒಳಗಿನ ಫೈಲು ಓದಲು ಹೋದರೆ ಬರೆ ಎಂದು ಬಿಡಿಸಿ ಬರೆದಳು. ನಾನು ಕೈಪಿಡಿಯನ್ನು ಅಷ್ಟು ಓದಿದ್ದರೂ ಅದನ್ನು ಅಳಿಸಿಬಿಡೋಣ ಎನ್ನುತ್ತಿದ್ದೆ. ಹಾಗೆ ಬಿಡಿಸಬಹುದು ಎಂದು ನನಗೆ ಹೊಳೆಯುತ್ತಿರಲಿಲ್ಲ. ನಾನು ಕಂಡುಹಿಡಿದ ತಪ್ಪು ಅವಳ ಕೈಯಲ್ಲಿ ನನ್ನದಕ್ಕಿಂತ ಚೆಂದದ ಕೆಲಸವಾಯಿತು.

ಗಾಣ ನಿಲ್ಲುವ ಹೊತ್ತಿಗೆ ತಪಾಸಣೆಯವರು ಮತ್ತೆ ಬಂದರು. ವಿಳಾಸದ ಚೌಕವನ್ನು ನಾನು ಭದ್ರ ಮಾಡಿದ್ದೆ. ಅವರು ಅದನ್ನು ನೋಡಿ ತಲೆಯಾಡಿಸಿ, "ಈಗ ಇದನ್ನ ತಗದು ಹಳೇದು ಹಾಕ್ರಿ," ಎಂದರು.

"ಹಳೇದಾಗ ತೂತ ಐತಲ್ರಿ," ಅಂದೆ.

"ಅದಕ್ಕ. ನಾಳೆ ಇದರಾಗೂ ಯಾರೋ ಹೊಸಾ ತೂತ ಹುಡುಕ್ತಾರ. ಆವಾಗ ಬೇಲಿ ಏನ್ ಮಾಡ್ತದ, ಅದನ್ನ ನೋಡೂದೈತಿ ನನಗ."

ಅದೇ ಬೇಲಿ ಇದ್ದ ಪರೀಕ್ಷೆಯ ಸರ್ವರ್‌ನಲ್ಲಿ ಹಳೆಯ ಪ್ರೋಗ್ರಾಂ ಹಾಕಿದೆವು. ಅದೇ ಕುರ್ಚಿಯಲ್ಲಿ ಕೂತು ಅದೇ ಆಜ್ಞೆ ಹೊಡೆದರು. ಅಥಣಿಯ ದಾರಿ ಮೂಡಿತು. ಅದರ ಕೆಳಗೆ ಒಂದೇ ಸಾಲು, ಅನುಮತಿ ಇಲ್ಲ ಎಂದು. ಒಡೆಯನ ಅಧಿಕಾರದಲ್ಲಿ ಓಡುತ್ತಿದ್ದರೂ ಪಾಸ್‌ವರ್ಡ್ ಫೈಲು ತೆರೆಯಲಾಗಲಿಲ್ಲ. ಅವರು ಬೇರೆ ಬೇರೆ ಫೈಲು ಕೇಳಿ ನೋಡಿದರು, ಹೊರಗೆ ಸಂಪರ್ಕ ಬೆಳೆಸಲು ನೋಡಿದರು, ಹೊಸ ಪ್ರೋಗ್ರಾಂ ಇಳಿಸಿ ಓಡಿಸಲು ನೋಡಿದರು. ಪ್ರತಿಯೊಂದಕ್ಕೂ ತಡೆ, ಪ್ರತಿಯೊಂದೂ ಲಾಗ್‌ನಲ್ಲಿ.

"ಕೋಣಾಚಂ ಕಾಮ?" ಎಂದು ಕೇಳಿದರು. ಯಾರ ಕೆಲಸ.

ಸಾಹೇಬ್ರು ನಿಪ್ಪಾಣಿಯವಳ ಕಡೆ ಕೈ ತೋರಿಸಿದರು. ನಾನು ಕಣ್ಣು ಕೆಳಗೆ ಮಾಡಿದೆ. ಇದು ಬರುವುದೇ ಇತ್ತು, ಬರಲಿ, ಮುಗಿಯಲಿ.

"ನಿಯಮ ನಾ ಬರ್ದೇನ್ರಿ," ಎಂದಳು ಅವಳು. "ಆದ್ರ ಪ್ರೋಗ್ರಾಮಿಗೆ ಏನ್ ಬೇಕು ಏನ್ ಬ್ಯಾಡಂತ ಹೇಳಿದವ್ರು ಇವ್ರು. ಹಂಗಾಮಿನಾಗ ಅಥಣಿ ನಿಂತಾಗ ಬೇಲಿ ಪೂರಾ ತಗೀಲಾರ್ದಂಗ ಉಳಿಸಿದವ್ರೂ ಇವ್ರ. ನನ್ನ ನಿಯಮದಾಗಿನ ತಪ್ಪು ಹಿಡದವ್ರೂ ಇವ್ರ."

ತಪಾಸಣೆಯವರು ನನ್ನ ಕಡೆ ನೋಡಿ ನಕ್ಕರು. ಸಾಹೇಬ್ರು ನನ್ನ ಹೆಸರು ಹೇಳಿದರು. ಆ ಮೆಚ್ಚುಗೆಗೆ ನಾನು ಎಷ್ಟು ದಿನ ಹಸಿದಿದ್ದೆ! ಈಗ ಅದು ಬಂದದ್ದು ಅವಳ ಕೈಯಿಂದ. ಅವಳ ಜಾಗದಲ್ಲಿ ನಾನಿದ್ದರೆ ಹಾಗೆ ಹೇಳುತ್ತಿದ್ದೆನೇ ಎಂದು ಅಲ್ಲೇ ನಿಂತು ಕೇಳಿಕೊಂಡೆ. ಉತ್ತರ ಗೊತ್ತಿತ್ತು. ಬುದ್ಧಿಯಲ್ಲಿ ಅವಳು ಮುಂದೆ ಎಂದು ಹೇಗೋ ನುಂಗಿಕೊಂಡಿದ್ದೆ. ಗುಣದಲ್ಲೂ ಮುಂದೆ ಎಂಬುದನ್ನು ನುಂಗುವುದು ಅದಕ್ಕಿಂತ ಕಷ್ಟವಾಯಿತು.

ಹೊರಗೆ ಬೇವಿನ ಗಿಡದ ಕೆಳಗೆ ಅವಳನ್ನು ತಡೆದೆ. "ಯಾಕ ಹಂಗ ಹೇಳ್ದಿ?"

"ಹೆಂಗ?"

"ನನ್ನ ಹೆಸರ."

"ಖರೆ ಇತ್ತಲ್ಲ," ಎಂದಳು, ಇದೇನು ಕೇಳುತ್ತಾಳೆ ಎಂಬಂತೆ ನೋಡುತ್ತ. ಆಮೇಲೆ ಬಸ್ಸು ಬಂತು, ಓಡಿದಳು.

ಆ ಬೇಸಿಗೆಯಲ್ಲಿ ಅವಳ ಕರಾರು ಮುಗಿಯಿತು. ಸಾಹೇಬ್ರು ನನ್ನೊಬ್ಬಳನ್ನೇ ಕರೆದು ಬಾಗಿಲು ಮುಚ್ಚಿಸಿದರು. ವಿಭಾಗಕ್ಕೆ ಕಾಯಂ ಜಾಗ ಒಂದು ಬಂದಿದೆ, ಅವಳಿಗೆ ಕೊಡಬೇಕೋ ಹೊರಗಿನಿಂದ ತರಬೇಕೋ ಎಂದು ಕೇಳಿದರು. "ಬೇಲಿ ಈಗ ನಿಮಗೂ ಗೊತ್ತಾಗೇತಿ. ಅಕಿ ಇಲ್ದ ನಡೀತದಲ್ಲ?"

ನಡೆಯುತ್ತಿತ್ತು. ಇನ್ನೊಂದು ವರ್ಷ ಓದಿದರೆ ನಾನೊಬ್ಬಳೇ ಸಂಭಾಳಿಸಬಹುದಿತ್ತು. ಕೋಣೆ ಮತ್ತೆ ನನ್ನದಾಗುತ್ತಿತ್ತು, ಊಟದ ಟೇಬಲ್ಲಿನ ಗದ್ದಲ ನಿಲ್ಲುತ್ತಿತ್ತು. ಸಾಹೇಬ್ರು ಕಿಟಕಿಯಾಚೆ ಖಾಲಿ ಯಾರ್ಡ್ ನೋಡುತ್ತಿದ್ದರು.

"ನಡಿಯೂದೇನೋ ನಡೀತದ್ರಿ," ಅಂದೆ. "ಆದ್ರ ಅಕಿ ಇರ್ಲಿ. ಅಕಿ ಇಲ್ಲಂದ್ರ ನಾ ಮತ್ತ ಓದೂದ ಬಿಟ್ಟು ಮೊದಲಿನಂಗ ಕುಂಡ್ರತೇನಿ."

ಅವರಿಗೆ ನನ್ನ ಮಾತು ಎಷ್ಟು ತಿಳಿಯಿತೋ. ಅವಳ ಹೆಸರಿಗೆ ಒಪ್ಪಿಗೆಯಾಯಿತು.

ಕೆಲವು ವರ್ಷಕ್ಕೆ ಸಾಹೇಬ್ರು ನಿವೃತ್ತರಾದರು. ಅವರ ಕುರ್ಚಿಗೆ ಅರ್ಜಿ ಹಾಕಿದವರಲ್ಲಿ ನಾನೂ ಇದ್ದೆ, ಅವಳೂ ಇದ್ದಳು. ಕೊಟ್ಟದ್ದು ಅವಳಿಗೆ. ಈಗ ನನ್ನ ರಜೆಗೆ ಅವಳೇ ಸಹಿ ಮಾಡಬೇಕು. ಕಾರಣ ಕೇಳದೆ ಸಹಿ ಮಾಡಿ, ಮನೆಯಲ್ಲಿ ಎಲ್ಲ ಆರಾಮೇನು ಎಂದು ಕೇಳುತ್ತಾಳೆ. ಆರಾಮ ಎನ್ನುತ್ತೇನೆ. ಬಾಗಿಲು ದಾಟುವವರೆಗೂ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತಿರುತ್ತದೆ. ನನ್ನ ಕುರ್ಚಿಗೆ ಬಂದು ಕೂತು, ಅವಳಿನ್ನೂ ಓದಿರದ ಯಾವುದಾದರೂ ಕೈಪಿಡಿ ತೆರೆಯುತ್ತೇನೆ.